ಮಳೆ ಬಂದರೆ ಮುನಿಸಿಕೊಳ್ಳುವ ಅಪ್ಪನ ಮಾರುತಿ

ನಮ್ಮ ಮನೆಯ ಮಾರುತಿ 800ಗೆ ಈಗ 27 ವರ್ಷ. 1998ರ ಮಾಡೆಲ್, ಬಿಳಿ ಬಣ್ಣ, ನಾಲ್ಕು ಗೇರು, ಕಾರ್ಬೊರೇಟರ್ ಎಂಜಿನ್. ಈಗಿನ ಕಾರುಗಳ ಹಾಗೆ ಇದಕ್ಕೆ ಸ್ಕ್ಯಾನರ್ ಚುಚ್ಚಿ ಕೋಡ್ ಓದೋದಕ್ಕೆ ಆಗಲ್ಲ. 796 ಸಿಸಿ, ಮೂರು ಸಿಲಿಂಡರ್, ಎಳೆಯೋಕೆ ಒಂದು ಚೋಕ್, ಅಷ್ಟೇ ಕಥೆ. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಈ ಕಾರಿನ ಉತ್ಪಾದನೆ 2014ರ ಜನವರಿಯಲ್ಲಿ ನಿಂತುಹೋಯಿತು. ಸಾಗರದ ಹತ್ತಿರದ ನಮ್ಮೂರಿನಲ್ಲಿ ಮಾತ್ರ ಹೋದ ಮಳೆಗಾಲದ ತನಕ ಅದು ಒಂದು ದಿನವೂ ನಿಂತಿರಲಿಲ್ಲ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಬೆಳಗ್ಗೆ ಹೊತ್ತು ಸ್ಟಾರ್ಟ್ ಆಗೋದು ಕಷ್ಟವಾಯಿತು. ಅದೇ ಹೊತ್ತಿಗೆ ಕಾರು ತೀರಾ ಬೇಕಾಗಿತ್ತು. ಅಮ್ಮನಿಗೆ ಏಪ್ರಿಲ್‌ನಲ್ಲಿ ಮಂಡಿ ಆಪರೇಷನ್ ಆಗಿತ್ತು. ವಾರಕ್ಕೆ ಮೂರು ದಿನ ಫಿಸಿಯೋಥೆರಪಿಗೆ ಪೇಟೆಗೆ ಹೋಗಬೇಕು. ನಮ್ಮೂರಿಗೆ ಬರೋದು ದಿನಕ್ಕೆ ಎರಡು ಬಸ್ಸು, ಅದರ ಮೆಟ್ಟಿಲು ಹೊಸ ಮಂಡಿಯವರು ಹತ್ತುವ ಎತ್ತರದ್ದಲ್ಲ. ಅಪ್ಪ ಕಾರನ್ನು ಪೇಟೆಯ ಒಂದು ಗ್ಯಾರೇಜಿಗೆ ಎಳೆಸಿಕೊಂಡು ಹೋದರು. ಅವರು ಬಾನೆಟ್ ಎತ್ತಿ, ಎರಡು ಸಲ ಸೆಲ್ಫ್ ಹೊಡೆದು, ಹಿಂದಿನಿಂದ ಬಂದ ಹೊಗೆ ನೋಡಿ ತೀರ್ಪು ಕೊಟ್ಟರು: ರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು, ಬೋರ್ ಮಾಡಿಸಬೇಕು, 45 ಸಾವಿರ. ಇಲ್ಲ ಅಂದ್ರೆ ಗುಜರಿಗೆ ಹಾಕಿ ಸಾರ್.

ಪುಣೆಯಲ್ಲಿರುವ ಅಣ್ಣ ಫ್ಯಾಮಿಲಿ ಗ್ರೂಪಿನಲ್ಲಿ ಕೂಡಲೇ ಬರೆದ, 'ಅಪ್ಪ, ಅದನ್ನ ಮೊದಲು ತೆಗೀರಿ. ಒಂದು ಆಟೊಮ್ಯಾಟಿಕ್ ಕೊಡಿಸ್ತೀನಿ.' ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅಪ್ಪ ಉತ್ತರ ಬರೆಯಲಿಲ್ಲ. ರಾತ್ರಿ ಅಮ್ಮ ಫೋನ್ ಮಾಡಿ ದನಿ ತಗ್ಗಿಸಿ ಹೇಳಿದ್ದು ಬೇರೆ: 'ಈ ಕಾರು ಹೋದ್ರೆ ಅವರು ಮತ್ತೆ ಸ್ಟೇರಿಂಗ್ ಹಿಡಿಯಲ್ಲ ಮಾರಾಯ್ತಿ. ಹೊಸ ಗಾಡಿ ಕಲಿಯೋ ವಯಸ್ಸಲ್ಲ ಇದು ಅಂತ ಆಗ್ಲೇ ಶುರು ಮಾಡಿದ್ದಾರೆ.' ಅಪ್ಪನಿಗೆ 68. ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರಾಗಿದ್ದವರು. ಪೇಟೆಗೆ ಹೋಗೋದು, ಲೈಬ್ರರಿಯಲ್ಲಿ ಪೇಪರ್ ಓದೋದು, ಹಳೇ ಸಹೋದ್ಯೋಗಿಗಳ ಜೊತೆ ಕಾಫಿ ಕುಡಿಯೋದು, ಎಲ್ಲ ನಡೆಯೋದು ಈ ಕಾರಿನ ಮೇಲೆ. ಅಂದ್ರೆ 45 ಸಾವಿರದ ಲೆಕ್ಕದ ಹಿಂದೆ ಇನ್ನೊಂದು ಲೆಕ್ಕ ಇತ್ತು.

ನಾನು ಓದಿದ್ದು ಮೆಕ್ಯಾನಿಕಲ್, ಮಾಡ್ತಿರೋದು ಸಾಫ್ಟ್‌ವೇರ್. ಕರ್ನಾಟಕದಲ್ಲಿ ಇದಕ್ಕೆ ವಿವರಣೆ ಬೇಕಾಗಿಲ್ಲ ಅಂದುಕೊಂಡಿದ್ದೀನಿ. ಆರನೇ ಸೆಮಿಸ್ಟರ್‌ನಲ್ಲಿ ಎಂಜಿನ್ ಪಾಠ ಓದಿ, ಪರೀಕ್ಷೆ ಬರೆದು, ನಂತರ ಎಂಟು ವರ್ಷ ಕೋಡಿನ ತಪ್ಪು ಹುಡುಕುತ್ತಾ ಕೂತವಳು. ಎರಡೂ ಕಡೆ ಕಲಿತದ್ದು ಒಂದೇ: ಯಾವಾಗ ಕೆಡುತ್ತೆ, ಯಾವಾಗ ಕೆಡಲ್ಲ ಅಂತ ಗೊತ್ತಾಗದೆ ಏನನ್ನೂ ಬಿಚ್ಚಬಾರದು. 'ರಿಂಗ್ ಹೋಗಿದೆ' ಅನ್ನೋ ಮಾತು ನನಗೆ ಹಿಡಿಸದೇ ಇದ್ದದ್ದು ಅದಕ್ಕೇ. ರಿಂಗ್ ಸವೆದಿದ್ದರೆ ಮಳೆ ಬಂದಾಗ ಮಾತ್ರ ಯಾಕೆ ಸವೆದಿರಬೇಕು?

ಅಪ್ಪನಿಗೆ ಫೋನ್ ಮಾಡಿದೆ. 'ಸ್ಟಾರ್ಟ್ ಆಗಲ್ಲ' ಅಂದರು. ಇದು ನಮ್ಮ ಆಫೀಸಿಗೆ ಬರೋ 'ಆ್ಯಪ್ ವರ್ಕ್ ಆಗ್ತಿಲ್ಲ' ಅನ್ನೋ ದೂರಿನ ಹಾಗೆಯೇ. 'ಕೀ ತಿರುಗಿಸಿದಾಗ ಯಾವ ಶಬ್ದ ಬರುತ್ತೆ ಹೇಳಿ' ಅಂದೆ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಫೋನಿನಲ್ಲೇ ಎಂಜಿನ್ ಆದರು: 'ಊಂ… ಊಂ… ಊಂ… ಊಂ…'

ಹಳೇ ಕಾರು ಇಟ್ಟುಕೊಂಡವರು ಈ ಶಬ್ದಗಳನ್ನು ಕಲಿಯಲೇಬೇಕು, ಬೇರೆ ಏನು ಕಲಿಯದಿದ್ದರೂ ಪರವಾಗಿಲ್ಲ. ಕೀ ತಿರುಗಿಸಿದರೆ ಏನೂ ಶಬ್ದವಿಲ್ಲ, ದೀಪಗಳೂ ಹತ್ತಲ್ಲ ಅಂದರೆ ಬ್ಯಾಟರಿ ಪೂರಾ ಖಾಲಿ ಅಥವಾ ಟರ್ಮಿನಲ್ ಕಳಚಿದೆ. 'ಟಕಟಕಟಕ' ಅಂತ ಮೆಷಿನ್‌ಗನ್ ಹಾಗೆ ಬಡಿದುಕೊಂಡರೆ ಬ್ಯಾಟರಿಯಲ್ಲಿ ದೀಪ ಹತ್ತಿಸುವಷ್ಟು ಜೀವ ಇದೆ, ಸೆಲ್ಫ್ ತಿರುಗಿಸುವಷ್ಟು ಇಲ್ಲ. ಒಂದೇ ಒಂದು 'ಟಕ್' ಬಂದು, ಹೆಡ್‌ಲೈಟ್ ಮಂಕಾಗದೆ ಹಾಗೇ ಉರಿಯುತ್ತಿದ್ದರೆ ಅನುಮಾನ ಸೆಲ್ಫ್ ಮೋಟಾರಿನ ಮೇಲೆ. ಎಂಜಿನ್ ಎಂದಿನ ವೇಗದಲ್ಲೇ ತಿರುಗುತ್ತೆ, ಆದರೆ ಹತ್ತಿಕೊಳ್ಳಲ್ಲ ಅಂದರೆ ಬ್ಯಾಟರಿ ಬದಲಾಯಿಸೋದಕ್ಕೆ ಓಡಬೇಡಿ. ಅದು ಕಿಡಿ ಅಥವಾ ಪೆಟ್ರೋಲಿನ ತೊಂದರೆ. ಅಪ್ಪನ 'ಊಂ… ಊಂ…' ಇವೆರಡರ ಮಧ್ಯದ್ದು: ತಿರುಗುತ್ತೆ, ಆದರೆ ಸೋಮಾರಿಯಾಗಿ. ಹತ್ತಿಕೊಳ್ಳೋದೂ ಇಲ್ಲ.

'ಇಳಿಜಾರಿನಲ್ಲಿ ಬಿಟ್ಟು ನೋಡಿದ್ರಾ?' ಅಂತ ಕೇಳಿದೆ. ಮಲೆನಾಡಿನಲ್ಲಿ ಹಳೇ ಕಾರು ಇರುವವರ ಮನೆಯಲ್ಲಿ ಕಾರಿನ ಮೂತಿ ಯಾವಾಗಲೂ ಇಳಿಜಾರಿನ ಕಡೆಗೇ ಇರುತ್ತೆ. ಬೆಳಗ್ಗೆ ಹ್ಯಾಂಡ್‌ಬ್ರೇಕ್ ಬಿಟ್ಟು, ಎರಡನೇ ಗೇರಿಗೆ ಹಾಕಿ, ಕ್ಲಚ್ ಬಿಟ್ಟರೆ ಮುಗೀತು. ಇದೊಂದು ಪರೀಕ್ಷೆಯೂ ಹೌದು. ಸೆಲ್ಫಿಗೆ ಹತ್ತದ ಎಂಜಿನ್ ಇಳಿಜಾರಿನಲ್ಲಿ ತಕ್ಷಣ ಹತ್ತಿಕೊಂಡರೆ ಎಂಜಿನ್ ಸರಿಯಿದೆ, ಬ್ಯಾಟರಿ-ಸೆಲ್ಫ್-ವೈರಿನಲ್ಲಿ ಮಾತ್ರ ದೋಷ. 'ಬಿಟ್ಟೆ. ಗೇಟಿನ ತನಕ ಹೋಯ್ತು, ಕೆಮ್ಮಿತು, ನಿಂತ್ತು. ಮಧ್ಯಾಹ್ನ ಬಿಸಿಲು ಬಂದ ಮೇಲೆ ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು' ಅಂದರು ಅಪ್ಪ. ಆ ಕೊನೆಯ ವಾಕ್ಯಕ್ಕೆ ಗ್ಯಾರೇಜಿನಲ್ಲಿ ಯಾರೂ ಕಿವಿಗೊಟ್ಟಿರಲಿಲ್ಲ.

ಶುಕ್ರವಾರ ರಾತ್ರಿ ತಾಳಗುಪ್ಪದ ರೈಲು ಹತ್ತಿದೆ. ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಪಕ್ಕ ಒಂದು ಮಲ್ಟಿಮೀಟರ್, ಪ್ಲಗ್ ಸ್ಪ್ಯಾನರ್, ಆನ್‌ಲೈನಿನಲ್ಲಿ ತರಿಸಿದ್ದ ಕಂಪ್ರೆಷನ್ ಗೇಜ್.

ಶನಿವಾರ ಮಳೆ ಬಿಡುವು ಕೊಟ್ಟಿತ್ತು. ಮೊದಲು 45 ಸಾವಿರದ ಮಾತನ್ನೇ ಪರೀಕ್ಷೆ ಮಾಡೋಣ ಅಂತ ಕಂಪ್ರೆಷನ್ ನೋಡಿದೆವು. ಮೂರೂ ಪ್ಲಗ್ ಬಿಚ್ಚಿ, ಕಿಡಿ ಬರದ ಹಾಗೆ ಕಾಯಿಲ್‌ನ ಸಂಪರ್ಕ ತಪ್ಪಿಸಿ, ಪ್ಲಗ್ ತೂತಿಗೆ ಗೇಜ್ ಕೂರಿಸಬೇಕು. ಒಳಗೆ ಕೂತವರು ಆ್ಯಕ್ಸಿಲರೇಟರ್ ಪೂರ್ತಿ ಒತ್ತಿ ನಾಲ್ಕೈದು ಸುತ್ತು ಸೆಲ್ಫ್ ಹೊಡೀಬೇಕು. ಅಪ್ಪ ಒಳಗೆ, ನಾನು ಹೊರಗೆ, ಅಮ್ಮ ಜಗುಲಿಯ ಕುರ್ಚಿಯಿಂದ ಮೇಲ್ವಿಚಾರಣೆ. 155, 150, 155. ಅಪ್ಪ ಲೆಕ್ಕದ ಮೇಷ್ಟ್ರಲ್ವಾ, ಮೂರೂ ಅಂಕಿಯನ್ನು ಹಳೇ ಕ್ಯಾಲೆಂಡರಿನ ಹಿಂದೆ ಬರೆದುಕೊಂಡರು. ರಿಂಗ್ ಸವೆದ ಎಂಜಿನ್‌ನಲ್ಲಿ ಒತ್ತಡ ಹೀಗೆ ನಿಲ್ಲಲ್ಲ. ಒಂದು ಸಿಲಿಂಡರ್ ಬಹಳ ಕಡಿಮೆ ತೋರಿಸಿದರೆ ಆ ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಒತ್ತಡ ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಕಡೆ ನೋಡಬೇಕು. ನಮಗೆ ಅದರ ಅಗತ್ಯವೇ ಬೀಳಲಿಲ್ಲ.

ಹಾಗಾದರೆ ಹೊಗೆ? ಹೊಗೆಯ ಬಣ್ಣ ಕೇಳಬೇಕಿತ್ತು, ಯಾರೂ ಕೇಳಿರಲಿಲ್ಲ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ರಿಂಗಿನ ಮಾತಿಗೆ ಅರ್ಥ ಉಂಟು. ಕಪ್ಪು ಹೊಗೆ ಅಂದರೆ ಪೆಟ್ರೋಲ್ ಜಾಸ್ತಿಯಾಗಿದೆ. ಚಳಿಯಲ್ಲಿ ಮೊದಲ ಎರಡು ನಿಮಿಷ ಬರುವ ಬಿಳಿ ಹೊಗೆ ಬರೀ ನೀರಾವಿ. ಅದು ನಿಲ್ಲದೇ ಬರುತ್ತಿದ್ದು, ರೇಡಿಯೇಟರಿನ ನೀರೂ ಇಳೀತಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ ಬಗ್ಗೆ ಚಿಂತೆ ಮಾಡಿ. ಅಪ್ಪ ಚೋಕ್ ಪೂರ್ತಿ ಎಳೆದು ಹತ್ತು ಸಲ ಸೆಲ್ಫ್ ಹೊಡೆದಿದ್ದರು. ಕೊನೆಗೆ ಹತ್ತಿಕೊಂಡಾಗ ಉಳಿದ ಪೆಟ್ರೋಲೆಲ್ಲ ಕಪ್ಪಾಗಿ ಹೊರಗೆ ಬಂದಿತ್ತು, ಅಷ್ಟೇ.

ಆಮೇಲೆ ಸೋಮಾರಿ 'ಊಂ… ಊಂ…' ವಿಚಾರ. ಬ್ಯಾಟರಿ 12.5 ವೋಲ್ಟ್ ತೋರಿಸಿತು. ಪೂರ್ತಿ ಚಾರ್ಜ್ ಆದದ್ದು 12.6ರ ಹತ್ತಿರ ಇರುತ್ತೆ, 12ಕ್ಕಿಂತ ಕೆಳಗಿದ್ದರೆ ಖಾಲಿ ಅಂತಲೇ ಲೆಕ್ಕ. ಎಂಜಿನ್ ಓಡುವಾಗ 14ರ ಆಸುಪಾಸು ಇತ್ತು, ಅಂದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆ. ಮತ್ತೆ ಶಕ್ತಿ ಎಲ್ಲಿ ಸೋರುತ್ತಿದೆ? ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಎಂಜಿನ್‌ನ ಬರಿಯ ಲೋಹಕ್ಕೆ ಹಿಡಿದು ಅಪ್ಪನಿಗೆ ಸೆಲ್ಫ್ ಹೊಡೆಯೋಕೆ ಹೇಳಿದೆ. ಹೆಚ್ಚೆಂದರೆ ಅರ್ಧ ವೋಲ್ಟ್ ಇರಬೇಕಾದ ಕಡೆ 1.1 ಬಂತು. ಬ್ಯಾಟರಿಯಿಂದ ಹೋಗುವ ಅರ್ಥ್ ಕೇಬಲ್ಲಿನ ತುದಿ ಬಿಚ್ಚಿದರೆ ಒಳಗೆ ಪಾಚಿ ಹಿಡಿದ ಹಾಗೆ ಹಸಿರು. ಮಲೆನಾಡಿನ ಮಳೆ ಮನೆಯ ಗೋಡೆಗೆ ಮಾಡೋದನ್ನೇ ತಾಮ್ರಕ್ಕೂ ಮಾಡುತ್ತೆ. ಹೊಸ ಬ್ಯಾಟರಿ ಹಾಕಿಸಿಯೂ ಕಾರು ಸೋಮಾರಿಯಾಗೇ ತಿರುಗುತ್ತಿದ್ದರೆ ಈ ಕೇಬಲ್ ನೋಡಿ. ಬಿಚ್ಚುವಾಗ ಬ್ಯಾಟರಿಯ ಮೈನಸ್ ಮೊದಲು ಬಿಚ್ಚಬೇಕು, ಹಾಕುವಾಗ ಕೊನೆಗೆ ಹಾಕಬೇಕು. ಟರ್ಮಿನಲ್ ಮೇಲಿನ ಬಿಳಿ ಪುಡಿಯನ್ನು ಬಿಸಿನೀರಿನಲ್ಲಿ ತೊಳೆದು, ಒರೆಸಿ, ಜೋಡಿಸಿದ ಮೇಲೆ ಸ್ವಲ್ಪ ವ್ಯಾಸಲೀನ್ ಸವರಿದರೆ ಸಾಕು.

ಆದರೆ ಇದು ಮಳೆಯ ಗುಟ್ಟನ್ನು ಬಿಡಿಸಲಿಲ್ಲ. ಶನಿವಾರ ಇಡೀ ದಿನ ಕಾರು ಒಳ್ಳೇ ಹುಡುಗನ ಹಾಗೆ ಸ್ಟಾರ್ಟ್ ಆಗುತ್ತಲೇ ಇತ್ತು. ನಮ್ಮ ಕೆಲಸದಲ್ಲಿ ಎಲ್ಲರಿಗೂ ಗೊತ್ತಿರೋ ಕಷ್ಟ: ನೀವು ನೋಡ್ತಾ ಇರುವಾಗ ತಪ್ಪು ಬರಲ್ಲ. ಬರದಿದ್ದರೆ ಬರಿಸಬೇಕು. ಮಳೆಯಿಲ್ಲ ಅಂದರೆ ಮಳೆ ತರಿಸಬೇಕು.

ರಾತ್ರಿ ಊಟ ಆದ ಮೇಲೆ ಅಮ್ಮ ಇಸ್ತ್ರಿ ಮಾಡುವಾಗ ಬಳಸುವ ನೀರಿನ ಸ್ಪ್ರೇ ಬಾಟಲಿ ತಂದೆ. ಅಂಗಳದ ದೀಪ ಆರಿಸಿದೆವು. ಬಾನೆಟ್ ಎತ್ತಿ, ಎಂಜಿನ್ ಓಡಲು ಬಿಟ್ಟು, ಎರಡು ಅಡಿ ದೂರದಿಂದ ಡಿಸ್ಟ್ರಿಬ್ಯೂಟರ್ ಮೇಲೆ ತೆಳ್ಳಗೆ ಮಂಜಿನ ಹಾಗೆ ನೀರು ಹೊಡೆದೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕಪ್ಪು ಕ್ಯಾಪಿನ ಮೇಲೆ ನೀಲಿ ಎಳೆಗಳು ಹರಿದಾಡತೊಡಗಿದವು, ವೈರಿನ ಬುಡದಿಂದ ಎಂಜಿನ್‌ನ ಲೋಹಕ್ಕೆ, ಚಟ್ ಚಟ್ ಅಂತ. 'ಅಲ್ನೋಡೇ, ಮಿಂಚುಹುಳ!' ಅಂದರು ಅಪ್ಪ. ಎಂಜಿನ್ ಮೂರು ಕಾಲಿನ ನಾಯಿಯ ಹಾಗೆ ಕುಂಟಿತು, ಎರಡು ಸಲ ಕೆಮ್ಮಿತು, ನಿಂತಿತು. ಮತ್ತೆ ಸೆಲ್ಫ್ ಹೊಡೆದರೆ ಅದೇ 'ಊಂ… ಊಂ…', ಅದೇ ಬೆಳಗ್ಗೆಯ ಕಾಯಿಲೆ.

ಡಿಸ್ಟ್ರಿಬ್ಯೂಟರ್ ಅಂದರೆ ಅಂಚೆಯವನಿದ್ದ ಹಾಗೆ. ಕಾಯಿಲ್‌ನಿಂದ ಬರುವ ಸಾವಿರಾರು ವೋಲ್ಟಿನ ವಿದ್ಯುತ್ತನ್ನು ಸರದಿಯ ಪ್ರಕಾರ ಒಂದೊಂದೇ ಪ್ಲಗ್ಗಿಗೆ ತಲುಪಿಸೋದು ಅದರ ಕೆಲಸ. ಕ್ಯಾಪ್ ಬಿಚ್ಚಿ ಟಾರ್ಚ್ ಹಿಡಿದರೆ ಒಳಗೆ ಕೂದಲಷ್ಟು ತೆಳ್ಳನೆಯ ಬಿರುಕು, ಅದರ ಉದ್ದಕ್ಕೂ ಸೀಸದ ಕಡ್ಡಿಯಲ್ಲಿ ಗೆರೆ ಎಳೆದ ಹಾಗೆ ಇಂಗಾಲದ ಕಪ್ಪು ಜಾಡು. ಒಣಗಿದ್ದಾಗ ಅದು ಅಷ್ಟೇನೂ ತೊಂದರೆ ಕೊಡಲ್ಲ. ತೇವ ಬಿದ್ದರೆ ವಿದ್ಯುತ್ತಿಗೆ ಅದೇ ಒಳದಾರಿ. ಪ್ಲಗ್ಗಿನ ತನಕ ಹೋಗುವ ಬದಲು ಹತ್ತಿರದ ಲೋಹಕ್ಕೆ ಹಾರಿಬಿಡುತ್ತೆ. ಸೆಲ್ಫ್ ಹೊಡೆಯುವಾಗ ಕೆಟ್ಟ ಅರ್ಥ್‌ನಿಂದಾಗಿ ವೋಲ್ಟೇಜ್ ಮೊದಲೇ ಕುಸಿದಿರುತ್ತೆ, ಕಿಡಿಯೂ ಬಡಕಲಾಗಿರುತ್ತೆ. ಎರಡು ಸಣ್ಣ ದೋಷಗಳು ಕೈ ಕೈ ಹಿಡಿದುಕೊಂಡು 45 ಸಾವಿರದ ರೋಗದ ವೇಷ ಹಾಕಿದ್ದವು. ಮಧ್ಯಾಹ್ನದ ಬಿಸಿಲಿಗೆ ಕ್ಯಾಪ್ ಒಣಗುತ್ತಿತ್ತು, ಕಾರು ಹತ್ತಿಕೊಳ್ಳುತ್ತಿತ್ತು.

ಇಲ್ಲಿ ಒಂದು ಎಚ್ಚರಿಕೆ. ಎಂಜಿನ್ ಓಡುವಾಗ ಈ ವೈರುಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಕಿಡಿಯ ಪರೀಕ್ಷೆ ಬೇಡವೇ ಬೇಡ. ಕಿಡಿ ಬರುತ್ತಿದೆಯಾ ಅಂತ ತಿಳಿಯೋಕೆ ಇನ್ನೂ ಸುಲಭದ ದಾರಿ ಇದೆ: ಸ್ಟಾರ್ಟ್ ಆಗದಿದ್ದಾಗ ಒಂದು ಪ್ಲಗ್ ಬಿಚ್ಚಿ ಮೂಸಿ ನೋಡಿ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಬರ್ತಿದೆ, ಹತ್ತಿಕೊಳ್ಳುತ್ತಿಲ್ಲ. ಒಣಗಿದ್ದರೆ ಪೆಟ್ರೋಲೇ ಬರ್ತಿಲ್ಲ, ಪಂಪ್ ಅಥವಾ ಫಿಲ್ಟರ್ ಕಡೆ ಹೋಗಿ. ಪೂರ್ತಿ ಒದ್ದೆಯಾಗಿ ಓವರ್‌ಫ್ಲೋ ಆಗಿದ್ದರೆ ಚೋಕ್ ಒಳಗೆ ತಳ್ಳಿ, ಆ್ಯಕ್ಸಿಲರೇಟರನ್ನು ಪಂಪ್ ಮಾಡದೆ ಪೂರ್ತಿ ಒತ್ತಿ ಹಿಡಿದು ಐದು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಆಗಲಿಲ್ಲ ಅಂದರೆ ಅರ್ಧ ನಿಮಿಷ ಬಿಟ್ಟು ಇನ್ನೊಮ್ಮೆ. ಒಂದೇ ಸಮ ಹೊಡೆದರೆ ಸೆಲ್ಫ್ ಮೋಟಾರ್ ಸುಡುತ್ತೆ, ಇಲ್ಲದ ಕೆಲಸ ಒಂದು ಸೇರಿಕೊಳ್ಳುತ್ತೆ.

ಸೋಮವಾರ ಮನೆಯಿಂದಲೇ ಕೆಲಸ ಅಂತ ಆಫೀಸಿಗೆ ಮೆಸೇಜ್ ಹಾಕಿ ಪೇಟೆಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. 'ಡಿಸ್ಟ್ರಿಬ್ಯೂಟರ್ ಕ್ಯಾಪ್ ಬೇಕು' ಅಂದರೆ ಅಂಗಡಿಯವರು, 'ಯಾವ ಮಾಡೆಲ್ ಅಂತ ಯಜಮಾನ್ರಿಗೆ ಒಂದು ಫೋನ್ ಮಾಡಿ ಕೇಳಿಬಿಡಿ ಮೇಡಂ' ಅಂದರು. ಇಲ್ಲದ ಯಜಮಾನರಿಗೆ ಎಲ್ಲಿಂದ ಫೋನ್ ಮಾಡೋದು? ಹಳೇ ಕ್ಯಾಪನ್ನೇ ಕೌಂಟರಿನ ಮೇಲಿಟ್ಟೆ. ಆಮೇಲೆ ಒಳ್ಳೇ ಮಾಲನ್ನೇ ಕೊಟ್ಟರು, ಅದನ್ನೂ ಹೇಳಬೇಕು. ಕ್ಯಾಪ್, ರೋಟರ್, ಪ್ಲಗ್ ವೈರಿನ ಸೆಟ್, ಮೂರು ಪ್ಲಗ್, ಹೊಸ ಅರ್ಥ್ ಕೇಬಲ್, ಎಲ್ಲ ಸೇರಿ 1,850 ರೂಪಾಯಿ. ವೈರುಗಳನ್ನು ಹಳೆಯದರಿಂದ ಹೊಸದಕ್ಕೆ ಒಂದೊಂದೇ ದಾಟಿಸಿದೆವು. ಈ ಎಂಜಿನ್‌ನಲ್ಲಿ ಕಿಡಿಯ ಸರದಿ 1-3-2. ಎಲ್ಲ ಒಟ್ಟಿಗೆ ಕಿತ್ತು ಹಾಕಿದರೆ ಯಾವುದು ಎಲ್ಲಿ ಅಂತ ಹುಡುಕುತ್ತಾ ಕೂರಬೇಕು. ಬಿಚ್ಚುವ ಮೊದಲು ಫೋನಿನಲ್ಲಿ ಒಂದು ಫೋಟೋ ತೆಗೆದಿಡೋದು ಇನ್ನೂ ಒಳ್ಳೇದು.

ಕಾರ್ಬೊರೇಟರನ್ನು ನಾನು ಮುಟ್ಟಲಿಲ್ಲ. ಬಿಸಿಯಾದಾಗ ಸಿಗ್ನಲ್‌ನಲ್ಲಿ ಆಫ್ ಆಗುವ ಚಾಳಿ ಇನ್ನೂ ಉಳಿದಿತ್ತು. ಅದಕ್ಕೆ ಸಣ್ಣ ಜೆಟ್‌ಗಳನ್ನು ಬಿಚ್ಚಿ ತೊಳೆದು ಮತ್ತೆ ಟ್ಯೂನ್ ಮಾಡುವ ಕೈ ಬೇಕು. ಅಪ್ಪನ ಪರಿಚಯದ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಬಂದು, ಎಂಜಿನ್ ಮೇಲೆ ತಲೆಯಿಟ್ಟು ಕೇಳಿ, ಒಂದು ಸ್ಕ್ರೂ ಕಾಲು ಸುತ್ತು ತಿರುಗಿಸಿ ಆ ಅರ್ಧವನ್ನು ಅಲ್ಲೇ ಸರಿ ಮಾಡಿದರು. ಉಳಿದರ್ಧಕ್ಕೆ ಕಾರ್ಬೊರೇಟರ್ ಬಿಚ್ಚಿದರು. ಪೆಟ್ರೋಲ್ ಪೈಪುಗಳನ್ನೂ ಹಿಸುಕಿ ನೋಡಿ ಬದಲಾಯಿಸಿ ಅಂದರು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಇರುತ್ತೆ. ಹಳೇ ಕಾರಿನ ರಬ್ಬರ್ ಪೈಪು, ಗ್ಯಾಸ್ಕೆಟ್‌ಗಳನ್ನು ಇದಕ್ಕೆ ಅಂತ ಮಾಡಿದ್ದಲ್ಲ. ಎಥೆನಾಲ್ ತೇವವನ್ನೂ ಎಳೆದುಕೊಳ್ಳುತ್ತೆ. ಹಾಗಾಗಿ ವಾರಗಟ್ಟಲೆ ಟ್ಯಾಂಕಿನಲ್ಲಿ ಅರೆಬರೆ ಪೆಟ್ರೋಲ್ ಬಿಟ್ಟು ನಿಲ್ಲಿಸೋದು ಹಳೇ ಗಾಡಿಗೆ ಒಳ್ಳೇದಲ್ಲ. ಪೈಪು ಮೆತ್ತಗಾಗಿದ್ದರೆ, ಬಿರುಕು ಬಿಟ್ಟಿದ್ದರೆ ದುಡ್ಡಿನ ಮುಖ ನೋಡದೆ ಬದಲಾಯಿಸಿ. ಮನೆಯ ಮುಂದೆ ನಿಂತ ಕಾರಿಗೆ ಬೆಂಕಿ ಬೀಳೋದಕ್ಕಿಂತ ಅದು ಅಗ್ಗ.

ಅಣ್ಣನಿಗೆ 155, 150, 155ರ ಫೋಟೋ ಕಳಿಸಿದೆ. 'ಆದ್ರೂ ಅದರಲ್ಲಿ ಏರ್‌ಬ್ಯಾಗ್ ಇಲ್ಲ' ಅಂತ ಬರೆದ. ಅದೂ ನಿಜವೇ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಕಾರಿನ ನೋಂದಣಿಯನ್ನು 2023ರಲ್ಲಿ 5 ಸಾವಿರ ಕಟ್ಟಿ ನವೀಕರಿಸಿದ್ದಾರೆ, ಇನ್ನೊಮ್ಮೆ ಬರೋದು 2028ಕ್ಕೆ. ಆಗ ಅಪ್ಪನಿಗೆ 71. ಹೆದ್ದಾರಿಗೆ ಹೋಗಲ್ಲ, ಕತ್ತಲಾದ ಮೇಲೆ ಓಡಿಸಲ್ಲ, ಪೇಟೆಗೆ ಮಾತ್ರ ಅಂತ ಅಪ್ಪನೇ ಹೇಳಿದ್ದಾರೆ. 2028ರ ಮಾತು ಆಗ ಆಡೋಣ ಅಂತ ನಾವಿಬ್ಬರೂ ಒಪ್ಪಿಕೊಂಡಿದ್ದೀವಿ.

ಅಮ್ಮ ಈಗ ಕೋಲಿಲ್ಲದೆ ಜಗುಲಿಯ ಮೆಟ್ಟಿಲು ಇಳೀತಾರೆ. ಅಪ್ಪ ಡ್ಯಾಶ್‌ಬೋರ್ಡಿನಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದಾರೆ. ತಾರೀಕು, ಮಳೆ ಇತ್ತೋ ಇಲ್ಲವೋ, ಚೋಕ್ ಎಷ್ಟು ಎಳೆದದ್ದು, ಎಷ್ಟನೇ ಸಲಕ್ಕೆ ಹತ್ತಿಕೊಂಡದ್ದು, ಎಲ್ಲ ಸ್ಕೇಲಿಟ್ಟು ಎಳೆದ ಕಾಲಂಗಳಲ್ಲಿ. ಭಾನುವಾರ ಫೋನ್ ಮಾಡಿದಾಗ ಅದನ್ನು ಓದಿ ಹೇಳ್ತಾರೆ. ಹೋದ ವಾರ ನಾಲ್ಕು ದಿನ ಮಳೆ, ಚೋಕ್ ಅರ್ಧ, ಮೂರು ದಿನ ಮೊದಲನೇ ಸಲಕ್ಕೆ, ಒಂದು ದಿನ ಎರಡನೇ ಸಲಕ್ಕೆ. ಆ ಎರಡನೇ ಸಲ ಯಾಕಾಯ್ತು ಅಂತ ನನ್ನನ್ನು ಕೇಳ್ತಿದ್ದಾರೆ.